ಲಾರಿ ಇನ್ನೂ ದೂರ ಇದೆಯೇ?

ಹಿರಿಯೂರಿನಿಂದ ಚಿತ್ರದುರ್ಗದ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದ ಹಳ್ಳಿಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಇಂಥ ದೃಶ್ಯ ಕಾಣಸಿಗುತ್ತದೆ. ಡಿವೈಡರಿನ ನಡುವೆ ಜನರೇ ಮಾಡಿಕೊಂಡ ಒಂದು ಕಿಂಡಿ. ಅದಕ್ಕೆ ಎದುರಾಗಿ ರಸ್ತೆಯ ಅಂಚಿನಲ್ಲಿ ಬೆನ್ನಿಗೆ ಚೀಲ ಹೊತ್ತ ನಾಲ್ಕೈದು ಮಕ್ಕಳು. ಬೆಂಗಳೂರಿನ ಕಡೆಯಿಂದ ಒಂದು ಲಾರಿ, ಅದನ್ನು ಹಿಂದೆ ಹಾಕಲು ಹವಣಿಸುತ್ತಿರುವ ಒಂದು ಕಾರು. ಏಳನೆಯ ತರಗತಿಯ ಹುಡುಗನೊಬ್ಬ ಆ ಕಡೆ ನೋಡಿ, “ಇನ್ನಾ ದೂರ ಐತೆ, ಬಾರೇ” ಎಂದು ತಂಗಿಯ ಕೈ ಹಿಡಿದು ಓಡುತ್ತಾನೆ. ತಂಗಿ ಎರಡನೆಯ ತರಗತಿ. ನಡುರಸ್ತೆಗೆ ಬಂದಾಗ ಅವಳ ಚಪ್ಪಲಿ ಕಳಚುತ್ತದೆ. ಹಾರ್ನ್ ಕಿವಿ ಒಡೆಯುವಂತೆ ಕೂಗುತ್ತದೆ. ಆ ದಿನ ಏನೂ ಆಗುವುದಿಲ್ಲ. ಮಕ್ಕಳು ನಗುತ್ತಾ ಶಾಲೆಯ ದಾರಿ ಹಿಡಿಯುತ್ತಾರೆ. ಚಹಾದಂಗಡಿಯ ಮುಂದೆ ಕುಳಿತ ಹಿರಿಯರೊಬ್ಬರು “ಕಣ್ಣು ಕಾಣಲ್ವೇನ್ರೋ” ಎಂದು ಗದರಿ ಸುಮ್ಮನಾಗುತ್ತಾರೆ.

ಕಣ್ಣು ಕಾಣುತ್ತದೆ. ಹುಡುಗ ಹೇಳಿದ್ದೂ ಸುಳ್ಳಲ್ಲ, ಲಾರಿ ದೂರವೇ ಇತ್ತು. ಆದರೆ ರಸ್ತೆ ದಾಟುವವರಿಗೆ ‘ಎಷ್ಟು ದೂರ’ ಎಂಬುದು ಗೊತ್ತಾದರೆ ಸಾಲದು. ಬೇಕಾದುದು ‘ಎಷ್ಟು ಹೊತ್ತು’ ಎಂಬುದು. ಕಣ್ಣು ಆ ಹೊತ್ತನ್ನು ಅಳೆಯುವ ಬಗೆ ಹೇಗೆ, ಮಕ್ಕಳ ಕಣ್ಣು ಅದರಲ್ಲಿ ಎಲ್ಲಿ ಸೋಲುತ್ತದೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಒಂದು ಬಸ್ಸು ಹತ್ತಬೇಕು.

ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕ ಹುಡುಗನಿಗೆ ಒಂದು ಪ್ರಯೋಗಶಾಲೆಯೇ ಸಿಕ್ಕಂತೆ. ರಸ್ತೆ ಬದಿಯ ಬೇಲಿಯ ಕಲ್ಲುಗಳು ಒಂದರೊಳಗೊಂದು ಬೆರೆತು ಗೆರೆಯಾಗಿ ಹಿಂದೆ ಓಡುತ್ತವೆ. ಅಡಿಕೆ ತೋಟದ ಸಾಲುಗಳು ಬೀಸಣಿಗೆಯ ಕಡ್ಡಿಗಳಂತೆ ತೆರೆದು ಮುಚ್ಚಿಕೊಳ್ಳುತ್ತವೆ. ಅದರಾಚೆಯ ತೆಂಗಿನ ಮರಗಳು ನಿಧಾನವಾಗಿ ಸರಿಯುತ್ತವೆ. ಗುಡ್ಡ ಇದ್ದಲ್ಲೇ ಇದ್ದಂತೆ ಕಾಣುತ್ತದೆ. ಸಂಜೆಯಾಗಿದ್ದರೆ ಚಂದ್ರ ಬಸ್ಸಿನ ಜೊತೆಯಲ್ಲೇ ಬರುತ್ತಾನೆ. ಚಂದ್ರ ನಮ್ಮ ಹಿಂದೆಯೇ ಏಕೆ ಬರುತ್ತಾನೆ ಎಂದು ಕೇಳದ ಮಗು ಇರಲಾರದು.

ಲೆಕ್ಕ ಹಾಕಿ ನೋಡಬಹುದು. ಬಸ್ಸಿನ ವೇಗ ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಕಿಟಕಿಗೆ ನೇರವಾಗಿ 10 ಮೀಟರ್ ದೂರದಲ್ಲಿರುವ ಮರ ಆ ಕ್ಷಣದಲ್ಲಿ ಸೆಕೆಂಡಿಗೆ ಸುಮಾರು 57 ಡಿಗ್ರಿಯ ದರದಲ್ಲಿ ಹಿಂದೆ ಸರಿಯುತ್ತದೆ. 2 ಕಿ.ಮೀ. ದೂರದ ಗುಡ್ಡ ಸರಿಯುವುದು ಸೆಕೆಂಡಿಗೆ ಒಂದು ಡಿಗ್ರಿಯ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಸುಮಾರು 3,84,000 ಕಿ.ಮೀ. ಆಚೆ ಇರುವ ಚಂದ್ರನ ಸರಿತ ಲೆಕ್ಕಕ್ಕೇ ಸಿಗದಷ್ಟು. ಸರಿಯದಿರುವುದು ‘ಜೊತೆಯಲ್ಲಿ ಬರುತ್ತಿರುವಂತೆ’ ಕಾಣುತ್ತದೆ, ಅಷ್ಟೆ. ಹತ್ತಿರದ್ದು ಬೇಗ, ದೂರದ್ದು ನಿಧಾನ. ಯಾವುದು ಹತ್ತಿರ, ಯಾವುದು ದೂರ ಎಂಬ ವಿಷಯವೆಲ್ಲ ಈ ಸರಿತದಲ್ಲಿಯೇ ಅಡಗಿದೆ. ಎರಡು ಕಣ್ಣಿದ್ದರೆ ಮಾತ್ರ ದೂರ ತಿಳಿಯುತ್ತದೆ ಎಂಬ ಮಾತು ಅರ್ಧ ನಿಜ. ನಮ್ಮ ಎರಡು ಕಣ್ಣುಗಳ ನಡುವಿನ ಅಂತರ ಆರೂವರೆ ಸೆಂಟಿಮೀಟರ್ ಆಸುಪಾಸು. ಸೂಜಿಗೆ ದಾರ ಪೋಣಿಸಲು ಅದು ಬಹಳ ಉಪಯೋಗ. ದೂರದ ಲಾರಿಯ ವಿಚಾರದಲ್ಲಿ ಅದರಿಂದ ಹೆಚ್ಚೇನೂ ಸಹಾಯವಿಲ್ಲ.

ಅದೇ ಹುಡುಗ ಡ್ರೈವರ್ ಪಕ್ಕದ ಸೀಟಿಗೆ ಬಂದು ಕುಳಿತರೆ ನೋಟವೇ ಬೇರೆ. ಈಗ ಪ್ರಪಂಚ ಪಕ್ಕಕ್ಕೆ ಓಡುವುದಿಲ್ಲ, ಮುಂದಿನ ಒಂದು ಬಿಂದುವಿನಿಂದ ಹುಟ್ಟಿ ನಾಲ್ಕೂ ಕಡೆಗೆ ಅರಳುತ್ತದೆ. ಆ ಬಿಂದು ಮಾತ್ರ ಅಲುಗುವುದಿಲ್ಲ. ಬಸ್ಸು ಹೋಗುತ್ತಿರುವುದು ಅಲ್ಲಿಗೇ. ರಸ್ತೆ ತಿರುಗಿದರೆ ಆ ಬಿಂದುವೂ ಸರಿಯುತ್ತದೆ. ಇದನ್ನು ವಿವರವಾಗಿ ಹೇಳಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗಿಬ್ಸನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರಿಗೆ ವಾಯುಪಡೆಯ ಪೈಲಟ್‌ಗಳನ್ನು ಆರಿಸುವ ಪರೀಕ್ಷೆಗಳನ್ನು ಸಿದ್ಧಪಡಿಸುವ ಕೆಲಸ ಬಂತು. ವಿಮಾನ ಇಳಿಸುವವನು ನೆಲದ ದೂರವನ್ನು ಹೇಗೆ ತಿಳಿಯುತ್ತಾನೆ ಎಂಬ ಪ್ರಶ್ನೆಗೆ ಪಠ್ಯಪುಸ್ತಕದ ಉತ್ತರಗಳು ಸಾಲಲಿಲ್ಲ. ಕಣ್ಣನ್ನು ನಿಂತ ಕ್ಯಾಮೆರಾಕ್ಕೆ ಹೋಲಿಸುವುದೇ ತಪ್ಪು ದಾರಿ ಎಂದು ಅವರಿಗೆ ಅನ್ನಿಸಿತು. ನಡೆಯುವ ಪ್ರಾಣಿ ನಡೆಯುತ್ತಲೇ ನೋಡುತ್ತದೆ. ಆಗ ಕಣ್ಣಿನ ಮೇಲೆ ಹಾಯುವ ಇಡೀ ಹರಿವೇ ಅದಕ್ಕೆ ದಾರಿ ತೋರಿಸುತ್ತದೆ. 1950ರಲ್ಲಿ ಬಂದ ಅವರ ಪುಸ್ತಕದಿಂದ ಈ ವಿಚಾರ ಎಲ್ಲೆಡೆ ಹಬ್ಬಿತು. ಕನ್ನಡದಲ್ಲಿ ಅದನ್ನು ‘ದೃಷ್ಟಿಹರಿವು’ ಎನ್ನೋಣ.

ಈ ಹರಿವು ಎಷ್ಟು ಪ್ರಬಲ ಎಂಬುದಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಒಂಟಿ ಕಾಲಲ್ಲಿ ನಿಲ್ಲಬೇಕು. ಅರ್ಧ ನಿಮಿಷ ನಿಲ್ಲುವುದು ಕಷ್ಟವಲ್ಲ. ಈಗ ಕಣ್ಣು ಮುಚ್ಚಿ ನಿಲ್ಲಲಿ, ಹತ್ತು ಎಣಿಸುವುದರೊಳಗೆ ಅನೇಕರ ಕಾಲು ನೆಲಕ್ಕೆ ಬಂದಿರುತ್ತದೆ. ದೇಹ ಸ್ವಲ್ಪ ವಾಲಿದಾಗ ಎದುರಿನ ಗೋಡೆ ಕಣ್ಣಿನಲ್ಲಿ ಸರಿಯುತ್ತದೆ, ಸ್ನಾಯುಗಳು ತಕ್ಷಣ ತಿದ್ದಿಕೊಳ್ಳುತ್ತವೆ. 1974ರಲ್ಲಿ ಡೇವಿಡ್ ಲೀ ಮತ್ತು ಎರಿಕ್ ಆರನ್ಸನ್ ಎಂಬ ವಿಜ್ಞಾನಿಗಳು ಇದನ್ನೇ ತಿರುಗಿಸಿ ನೋಡಿದರು. ನೆಲ ಅಲುಗದಂತೆ, ಗೋಡೆ ಮತ್ತು ಮಾಳಿಗೆ ಮಾತ್ರ ಹಿಂದೆ ಮುಂದೆ ಸರಿಯುವಂಥ ಕೋಣೆಯೊಂದರಲ್ಲಿ, ಆಗಷ್ಟೇ ನಿಲ್ಲಲು ಕಲಿತ ಕೂಸುಗಳನ್ನು ನಿಲ್ಲಿಸಿದರು. ಗೋಡೆ ಹತ್ತಿರಕ್ಕೆ ಬಂದರೆ ಕೂಸು ಹಿಂದಕ್ಕೆ ವಾಲುತ್ತಿತ್ತು, ಎಷ್ಟೋ ಸಲ ಕುಕ್ಕರಿಸಿ ಬೀಳುತ್ತಿತ್ತು. ಕಾಲ ಕೆಳಗಿನ ನೆಲ ಗಟ್ಟಿಯಾಗಿದ್ದರೂ ಕಣ್ಣಿನ ಮಾತನ್ನೇ ದೇಹ ನಂಬಿತ್ತು.

ಬಸ್ಸಿನಲ್ಲಿ ಕೆಲವು ಮಕ್ಕಳಿಗೆ ವಾಂತಿಯಾಗುವುದರ ಗುಟ್ಟೂ ಇದರಲ್ಲಿದೆ. ಒಳಕಿವಿಯ ಅರ್ಧವೃತ್ತಾಕಾರದ ನಾಳಗಳು ‘ತಿರುವು ಬಂತು’ ಎಂದು ಹೇಳುತ್ತಿರುತ್ತವೆ. ಪುಸ್ತಕದಲ್ಲಿಯೋ ಮೊಬೈಲಿನಲ್ಲಿಯೋ ನೆಟ್ಟ ಕಣ್ಣು ‘ಏನೂ ಅಲುಗುತ್ತಿಲ್ಲ’ ಎನ್ನುತ್ತದೆ. ಎರಡು ಸಾಕ್ಷಿಗಳು ಒಂದನ್ನೊಂದು ಅಲ್ಲಗಳೆದಾಗ ಹೊಟ್ಟೆ ತೊಳಸುತ್ತದೆ. ಅಂಥ ಮಗುವನ್ನು ಮುಂದಿನ ಸೀಟಿನಲ್ಲಿ ಕೂರಿಸಿ ದೂರದ ರಸ್ತೆಯನ್ನು ನೋಡುವಂತೆ ಹೇಳಿದರೆ ನಿಂಬೆಹಣ್ಣಿಗಿಂತ ಹೆಚ್ಚು ಪ್ರಯೋಜನವಾದೀತು. ಪರೀಕ್ಷೆಯ ದಿನ ಬಸ್ಸಿನಲ್ಲಿ ಓದಿಕೊಂಡು ಹೋಗಲೇಬೇಕೆಂದು ಒತ್ತಾಯಿಸುವ ತಂದೆತಾಯಿಗಳು ಇದನ್ನು ಸ್ವಲ್ಪ ಗಮನಿಸಬೇಕು.

ದೃಷ್ಟಿಹರಿವನ್ನು ಮನುಷ್ಯನಿಗಿಂತ ಶುದ್ಧವಾಗಿ ಬಳಸುವ ಜೀವಿ ಜೇನುನೊಣ. ಇದನ್ನು ತೋರಿಸಿದವರಲ್ಲಿ ಮುಖ್ಯರು ಮಂಡ್ಯಂ ವೀರಂಬುಡಿ ಶ್ರೀನಿವಾಸನ್. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ವ್ಯಾಸಂಗ, ಅಮೆರಿಕದ ಯೇಲ್‌ನಲ್ಲಿ ಡಾಕ್ಟರೇಟ್ ಮುಗಿಸಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ನೆಲೆಸಿದ ಎಂಜಿನಿಯರ್ ಅವರು. ಎಂಜಿನಿಯರಿಂಗ್ ಓದಿದವರು ಜೇನು ಸಾಕಬಾರದೆಂದು ಎಲ್ಲಿಯೂ ಬರೆದಿಲ್ಲವಷ್ಟೆ!

ಅಡಿಕೆ ತೋಟದಲ್ಲಿ ಸಾಲಿನಿಂದ ಸಾಲಿಗೆ ಒಂಬತ್ತು ಅಡಿ ಬಿಟ್ಟಿರುತ್ತಾರೆ. ಇಂಥ ಓಣಿಯಲ್ಲಿ ಹಾರುವ ಜೇನು ಯಾವ ಮರಕ್ಕೂ ತಾಗದೆ ನಟ್ಟನಡುವೆ ಹೋಗುವುದು ಹೇಗೆ? ಜೇನಿನ ಎರಡು ಕಣ್ಣುಗಳು ತೀರ ಹತ್ತಿರ, ಅವುಗಳ ಮಸೂರವೂ ಹಿಗ್ಗಿ ಕುಗ್ಗುವಂಥದ್ದಲ್ಲ. ನಮ್ಮಂತೆ ಅದು ದೂರ ಅಳೆಯಲಾರದು. 1980ರ ದಶಕದ ಕೊನೆಯಲ್ಲಿ ಶ್ರೀನಿವಾಸನ್ ಮತ್ತು ಸಂಗಡಿಗರು ಜೇನುಗಳಿಗೆ ಒಂದು ಸುರಂಗದ ಕೊನೆಯಲ್ಲಿ ಸಕ್ಕರೆ ನೀರು ಇಟ್ಟು ಹಾರಲು ಕಲಿಸಿದರು. ಎರಡೂ ಗೋಡೆಗಳಲ್ಲಿ ಕಪ್ಪು ಬಿಳಿ ಪಟ್ಟೆ. ಜೇನು ಸರಿಯಾಗಿ ನಡುವೆ ಹಾರಿತು. ಆಮೇಲೆ ಒಂದು ಗೋಡೆಯ ಪಟ್ಟೆಗಳನ್ನು ಜೇನು ಹೋಗುವ ದಿಕ್ಕಿಗೇ ಸರಿಸಿದರು. ಜೇನು ಆ ಗೋಡೆಯ ಕಡೆಗೆ ವಾಲಿತು! ಎದುರು ದಿಕ್ಕಿಗೆ ಸರಿಸಿದಾಗ ಅದರಿಂದ ದೂರ ಸರಿಯಿತು. ಅರ್ಥ ಸ್ಪಷ್ಟ. ಎಡಗಣ್ಣಿನಲ್ಲಿ ಹರಿಯುವ ಚಿತ್ರದ ವೇಗ, ಬಲಗಣ್ಣಿನಲ್ಲಿ ಹರಿಯುವ ಚಿತ್ರದ ವೇಗ, ಇವೆರಡನ್ನೂ ಸಮ ಮಾಡಿಕೊಂಡು ಅದು ಹಾರುತ್ತದೆ. ನಿಧಾನ ಹರಿದ ಕಡೆ ‘ಗೋಡೆ ದೂರ ಇದೆ’ ಎಂದು ಅದರ ಲೆಕ್ಕ.

ಜೇನು ಹೂವಿನ ಬಯಲಿನ ದೂರವನ್ನು ಗೂಡಿನಲ್ಲಿ ಕುಣಿದು ತಿಳಿಸುತ್ತದೆ ಎಂಬುದನ್ನು ಪತ್ತೆ ಮಾಡಿ ಕಾರ್ಲ್ ಫಾನ್ ಫ್ರಿಶ್ 1973ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಆ ದೂರವನ್ನು ಅದು ಅಳೆಯುವುದು ಖರ್ಚಾದ ಶಕ್ತಿಯಿಂದ ಎಂದು ಬಹುಕಾಲ ನಂಬಿದ್ದರು. ಶ್ರೀನಿವಾಸನ್ ತಂಡ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜೇನುಗಳು ಚಿತ್ತಾರ ತುಂಬಿದ ಇಕ್ಕಟ್ಟಾದ ಸುರಂಗದಲ್ಲಿ ಆರು ಮೀಟರ್ ಚಿಲ್ಲರೆ ಹಾರಿ ಬಂದವು. ಗೂಡಿಗೆ ಮರಳಿ ಕುಣಿದಾಗ ನೂರೈವತ್ತು ಮೀಟರಿಗೂ ಹೆಚ್ಚು ದೂರ ಹೋಗಿ ಬಂದಂತೆ ಕುಣಿದವು. ಗೋಡೆ ಅಷ್ಟು ಹತ್ತಿರವಿದ್ದುದರಿಂದ ಕಣ್ಣಿನಲ್ಲಿ ಬಹಳ ಚಿತ್ರ ಹರಿದಿತ್ತು. ಪಾಪ, ಅವು ಸುಳ್ಳು ಹೇಳಿದ್ದಲ್ಲ. ಅವುಗಳ ಮೀಟರೇ ಹಾಗೆ. ಇಳಿಯುವಾಗಲೂ ಅದೇ ಉಪಾಯ. ಕೆಳಗಿನ ನೆಲ ಕಣ್ಣಿನಲ್ಲಿ ಒಂದೇ ವೇಗದಲ್ಲಿ ಹರಿಯುವಂತೆ ನೋಡಿಕೊಂಡರೆ ಸಾಕು. ಎತ್ತರ ಕಡಿಮೆಯಾದಂತೆ ಹಾರುವ ವೇಗವೂ ತಾನಾಗಿ ಕಡಿಮೆಯಾಗಿ, ಹೂವು ಮುಟ್ಟುವ ಹೊತ್ತಿಗೆ ಸೊನ್ನೆಗೆ ಹತ್ತಿರವಾಗಿರುತ್ತದೆ. ಎತ್ತರ ಎಷ್ಟು, ವೇಗ ಎಷ್ಟು ಎಂಬುದು ಜೇನಿಗೆ ತಿಳಿದಿರಬೇಕಾಗಿಯೇ ಇಲ್ಲ. ಈ ಕೆಲಸಕ್ಕಾಗಿ 2006ರಲ್ಲಿ ಆಸ್ಟ್ರೇಲಿಯಾದ ಪ್ರಧಾನ ಮಂತ್ರಿಗಳ ವಿಜ್ಞಾನ ಪ್ರಶಸ್ತಿ ಶ್ರೀನಿವಾಸನ್ ಅವರಿಗೆ ಸಂದಿತು. ಚಾಲಕನಿಲ್ಲದ ಪುಟ್ಟ ವಿಮಾನಗಳಿಗೆ ಕಣ್ಣು ಕೊಡುವುದರಲ್ಲಿ ಈ ತತ್ವ ಬಳಕೆಗೆ ಬಂದಿದೆ.

ದುರ್ಗದ ಕೋಟೆಗೆ ಹೋದವರು ಇನ್ನೊಂದು ವಿಷಯ ಗಮನಿಸಿರಬಹುದು. ಬಂಡೆಯಲ್ಲಿ ಕೊರೆದ ಪುಟ್ಟ ಮೆಟ್ಟುಗುಳಿಗಳ ಮುಂದೆ ಅಜ್ಜಿ ನಿಂತುಬಿಡುತ್ತಾರೆ, ಮೊಮ್ಮಗ ಆಗಲೇ ಅರ್ಧ ಏರಿರುತ್ತಾನೆ. ಇಬ್ಬರೂ ನೋಡುತ್ತಿರುವುದು ಒಂದೇ ಬಂಡೆ. ಆದರೆ ಕಣ್ಣು ಬಂಡೆಯನ್ನಷ್ಟೇ ನೋಡುವುದಿಲ್ಲ, ‘ಇದು ನನ್ನ ಕಾಲಿಗೆ ಎಟುಕುವುದೇ’ ಎಂದೂ ಜೊತೆಯಲ್ಲೇ ನೋಡುತ್ತದೆ. ವಿಲಿಯಂ ವಾರನ್ ಎಂಬ ಸಂಶೋಧಕರು 1984ರಲ್ಲಿ ಉದ್ದ ಕಾಲಿನವರಿಗೂ ಗಿಡ್ಡ ಕಾಲಿನವರಿಗೂ ಬೇರೆ ಬೇರೆ ಎತ್ತರದ ಮೆಟ್ಟಿಲುಗಳನ್ನು ಬರಿಯ ಕಣ್ಣಿನಿಂದ ನೋಡಿ ಹತ್ತಬಹುದೇ ಇಲ್ಲವೇ ಹೇಳಲು ಕೇಳಿದರು. ಎರಡೂ ಗುಂಪಿನವರು ‘ಆಗದು’ ಎಂದ ಎತ್ತರ ಅವರವರ ಕಾಲಿನ ಉದ್ದದ 0.88 ಭಾಗದ ಹತ್ತಿರಕ್ಕೆ ಬಂತು. ಹಗ್ಗವಿಲ್ಲದೆ ಕೋಟೆಯ ಗೋಡೆ ಏರಿ ಹೆಸರಾದ ‘ಕೋತಿರಾಜ’ ಜ್ಯೋತಿರಾಜ್ ಅವರ ಕಣ್ಣಿಗೆ ಆ ಕಲ್ಲುಗಳ ಸಂದುಗಳು ಏಣಿಯ ಮೆಟ್ಟಿಲುಗಳಾಗಿ ಕಂಡಿರಬೇಕು. ಉಳಿದವರು ಅದನ್ನು ನಂಬಿ ಏರಬಾರದು.

ಈಗ ಮತ್ತೆ ಹೆದ್ದಾರಿಗೆ.

ನಾವು ನಿಂತಿದ್ದು ಎದುರಿನಿಂದ ವಾಹನ ಬಂದರೆ ಅದರ ಬಿಂಬ ಅಕ್ಷಿಪಟಲದ ಮೇಲೆ ಹಿಗ್ಗುತ್ತದೆ. ಸರಿಯುವ ಕೋಣೆಯ ಪ್ರಯೋಗ ಮಾಡಿದ ಅದೇ ಡೇವಿಡ್ ಲೀ 1976ರಲ್ಲಿ ಈ ಹಿಗ್ಗುವಿಕೆಯಲ್ಲಿ ಒಂದು ಸೊಗಸಾದ ಲೆಕ್ಕವನ್ನು ಕಂಡುಕೊಂಡರು. ಬಿಂಬ ಈ ಕ್ಷಣದಲ್ಲಿ ಸೆಕೆಂಡಿಗೆ ತನ್ನ ಗಾತ್ರದ ಐದನೆಯ ಒಂದು ಭಾಗದ ದರದಲ್ಲಿ ಬೆಳೆಯುತ್ತಿದ್ದರೆ ಅದು ತಲುಪಲು ಐದು ಸೆಕೆಂಡು ಉಳಿದಿದೆ. ಹತ್ತನೆಯ ಒಂದು ಭಾಗವಾದರೆ ಹತ್ತು ಸೆಕೆಂಡು. ದೂರ ತಿಳಿಯಬೇಕಿಲ್ಲ, ವೇಗ ತಿಳಿಯಬೇಕಿಲ್ಲ, ಬರುತ್ತಿರುವುದು ಸೈಕಲ್ಲೋ ಲಾರಿಯೋ ಎಂಬುದೂ ಬೇಕಿಲ್ಲ. ಕ್ರಿಕೆಟ್ ಚೆಂಡು ಹಿಡಿಯುವವನು, ಮುಂದಿನ ಬಸ್ಸು ನಿಂತಾಗ ಬ್ರೇಕು ಒತ್ತುವವನು ಇಂಥ ಲೆಕ್ಕವನ್ನು ಅರಿಯದೆಯೇ ಬಳಸುತ್ತಾರೆಂದು ಲೀ ವಾದಿಸಿದರು. ಮೀನಿಗಾಗಿ ಆಕಾಶದಿಂದ ನೇರ ಸಮುದ್ರಕ್ಕೆ ಧುಮುಕುವ ಗ್ಯಾನೆಟ್ ಹಕ್ಕಿ ಯಾವ ಕ್ಷಣದಲ್ಲಿ ರೆಕ್ಕೆ ಮಡಚಿಕೊಳ್ಳುತ್ತದೆ ಎಂಬುದನ್ನು 1981ರಲ್ಲಿ ಅವರು ಮತ್ತು ರೆಡ್ಡಿಶ್ ಇದೇ ಲೆಕ್ಕದಿಂದ ವಿವರಿಸಿದರು. ಎಲ್ಲ ಸಂದರ್ಭಕ್ಕೂ ಇದೊಂದೇ ಸಾಲದೆಂದು ನಂತರದವರು ತೋರಿಸಿದ್ದಾರೆ, ಅದು ಬೇರೆ ಮಾತು.

ಲೆಕ್ಕ ಸೊಗಸಾಗಿದೆ. ಆದರೆ ಅದಕ್ಕೊಂದು ಷರತ್ತು ಇದೆ: ಬಿಂಬ ಹಿಗ್ಗುತ್ತಿರುವುದು ಕಣ್ಣಿಗೆ ಗೊತ್ತಾಗಬೇಕು. ಅಪಾಯ ಹುಟ್ಟುವುದು ಇಲ್ಲಿಯೇ. ಎರಡು ಕಾರುಗಳನ್ನು ಊಹಿಸಿಕೊಳ್ಳೋಣ. ಎರಡರ ಅಗಲವೂ 1.7 ಮೀಟರ್, ಎರಡೂ ನಮ್ಮನ್ನು ತಲುಪಲು ಸರಿಯಾಗಿ 5 ಸೆಕೆಂಡು ಬೇಕು. ಒಂದರ ವೇಗ ಗಂಟೆಗೆ 40 ಕಿ.ಮೀ., ಅಂದರೆ ಅದೀಗ ಸುಮಾರು 56 ಮೀಟರ್ ದೂರದಲ್ಲಿದೆ. ಇನ್ನೊಂದರದು 80 ಕಿ.ಮೀ., ಅದು 111 ಮೀಟರ್ ದೂರದಲ್ಲಿದೆ. ಮೊದಲನೆಯದು ಕಣ್ಣಿನಲ್ಲಿ ಒಂದು ಮುಕ್ಕಾಲು ಡಿಗ್ರಿಯಷ್ಟು ಅಗಲ. ಕೈ ಪೂರ್ತಿ ಚಾಚಿದಾಗ ಹೆಬ್ಬೆರಳು ಕಾಣುವುದಕ್ಕಿಂತ ಕೊಂಚ ಕಡಿಮೆ. ಎರಡನೆಯದು ಒಂದು ಡಿಗ್ರಿಗೂ ಕಡಿಮೆ, ಕಿರುಬೆರಳಿನ ಉಗುರಿನಷ್ಟು. ಹಿಗ್ಗುವ ದರವೂ ಹಾಗೆಯೇ: ನಿಧಾನದ ಕಾರಿನದು ಸೆಕೆಂಡಿಗೆ 0.35 ಡಿಗ್ರಿ, ವೇಗದ ಕಾರಿನದು 0.18 ಡಿಗ್ರಿ.

ಇನ್ನೊಮ್ಮೆ ಓದಿ ನೋಡಬೇಕಾದ ಮಾತು ಇದು. ಉಳಿದಿರುವ ಹೊತ್ತು ಒಂದೇ ಆಗಿದ್ದಾಗ, ಹೆಚ್ಚು ಅಪಾಯಕಾರಿಯಾದ ಕಾರೇ ಚಿಕ್ಕದಾಗಿ ಕಾಣುತ್ತದೆ, ಹಿಗ್ಗುವುದೂ ಅದೇ ನಿಧಾನ. ವೇಗ ಹೆಚ್ಚಿದಷ್ಟೂ ಕಣ್ಣಿಗೆ ಸಿಗುವ ಸುಳಿವು ಕಡಿಮೆ. ಒಂದು ಮಿತಿಗಿಂತ ಕಡಿಮೆಯಾದರೆ ಬರುತ್ತಿರುವ ವಾಹನ ನಿಂತಂತೆಯೇ ಕಾಣುತ್ತದೆ. ಆಗ ಕಣ್ಣಿಗೆ ಉಳಿಯುವುದು ‘ದೂರ ಐತೆ’ ಎಂಬ ಮಾತೊಂದೇ.

ಆ ಮಿತಿ ಎಲ್ಲರಿಗೂ ಒಂದೇ ಅಲ್ಲ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ಜಾನ್ ವಾನ್ ಮತ್ತು ಸಂಗಡಿಗರು ನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಯ ಮಕ್ಕಳನ್ನೂ ಬೆಳೆದವರನ್ನೂ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಐದು ಸೆಕೆಂಡು ದೂರದಲ್ಲಿರುವ ವಾಹನ ಗಂಟೆಗೆ 80 ಕಿ.ಮೀ. ವೇಗದಲ್ಲಿದ್ದರೂ ಬೆಳೆದವರು ಅದು ಬರುತ್ತಿರುವುದನ್ನು ಗುರುತಿಸಬಲ್ಲವರಾಗಿದ್ದರು. ಆರರಿಂದ ಹನ್ನೊಂದು ವರ್ಷದ ಮಕ್ಕಳು ಗಂಟೆಗೆ ಸುಮಾರು 32 ಕಿ.ಮೀ. ದಾಟಿದ ಮೇಲೆ ನಂಬಿಕೆಗೆ ಅರ್ಹವಾಗಿ ಗುರುತಿಸಲಾರದೆ ಹೋದರು. ಇದು ಗಮನ ಕೊಡದ ಮಕ್ಕಳ ಕಥೆಯಲ್ಲ, ತುಂಟರ ಕಥೆಯೂ ಅಲ್ಲ. ಕಣ್ಣರಳಿಸಿ ನೋಡುತ್ತಿದ್ದ ಮಕ್ಕಳೇ ಅವರು. ಚಲನೆಯನ್ನು ಗ್ರಹಿಸುವ ಮಿದುಳಿನ ಸಾಮರ್ಥ್ಯ ಆ ವಯಸ್ಸಿನಲ್ಲಿ ಇನ್ನೂ ಬಲಿಯುತ್ತಿರುತ್ತದೆ. “ನೋಡ್ಕೊಂಡು ದಾಟು” ಎಂದು ಹೇಳಿ ಕಳಿಸಿದ ತಾಯಿಯ ಮಾತನ್ನು ಮಗು ಪಾಲಿಸಿಯೂ ಇರುತ್ತದೆ, ಅಪಾಯಕ್ಕೆ ಸಿಕ್ಕಿಯೂ ಇರುತ್ತದೆ.

ಕಣ್ಣಿನ ಡಾಕ್ಟರು ‘ದೃಷ್ಟಿ 6/6, ಚೆನ್ನಾಗಿದೆ’ ಎಂದಿದ್ದರೂ ಇದು ತಪ್ಪದು. ಗೋಡೆಗೆ ತೂಗುಹಾಕಿದ ಅಕ್ಷರಗಳು ನಿಂತಲ್ಲೇ ನಿಂತಿರುತ್ತವೆ. ಆ ಪರೀಕ್ಷೆ ಚಲನೆಯನ್ನು ಅಳೆಯುವುದಿಲ್ಲ. ಹಾಗೆಂದು ಆ ಪರೀಕ್ಷೆಯೇ ಬೇಡವೆಂದಲ್ಲ. ಬೋರ್ಡು ಮಸುಕಾಗಿ ಕಾಣುವ ಮಗುವಿಗೆ ಲಾರಿಯೂ ಮಸುಕಾಗಿಯೇ ಕಾಣುತ್ತದೆ.

ಮೋಟಾರ್ ಸೈಕಲ್ಲಿನ ವಿಷಯ ಇನ್ನೂ ಕಷ್ಟ. ಅದರ ಅಗಲ ಕಾರಿನ ಅರ್ಧವೂ ಇಲ್ಲ, ಹಿಗ್ಗುವಿಕೆಯೂ ಅಷ್ಟೇ ಕಡಿಮೆ. ರಾತ್ರಿಯ ಹೊತ್ತು ದೇಹವೇ ಕಾಣದಾಗ ಕಣ್ಣು ಹಿಡಿಯುವುದು ಎರಡು ಹೆಡ್‌ಲೈಟುಗಳ ನಡುವಿನ ಅಂತರವನ್ನು. ಅದು ಅಗಲವಾಗುತ್ತಾ ಬಂದರೆ ವಾಹನ ಹತ್ತಿರವಾಗುತ್ತಿದೆ ಎಂದು ಅರ್ಥ. ಬೈಕಿಗೆ ಇರುವುದೇ ಒಂದು ದೀಪ, ಅಗಲವಾಗಲು ಅಂತರವೇ ಇಲ್ಲ. ಒಂದು ದೀಪ ಕೆಟ್ಟ ಟ್ರ್ಯಾಕ್ಟರ್ ಎದುರು ಬಂದರೆ ಬೈಕೆಂದು ತಿಳಿದು ಪಕ್ಕದಲ್ಲಿ ನುಗ್ಗಲು ಹೋದವರ ಕಥೆ ಹಳ್ಳಿಗಳಲ್ಲಿ ಹೇಳುತ್ತಾರೆ. ಎಪ್ಪತ್ತೈದು ರೂಪಾಯಿಯ ಬಲ್ಬೋ ನೂರರದ್ದೋ, ಅದನ್ನು ಹಾಕಿಸಲು ಮುಂದಿನ ಸಂತೆಯವರೆಗೆ ಕಾಯಬೇಕಾಗಿಲ್ಲ.

ದೊಡ್ಡ ವಸ್ತುಗಳು ಬೇರೊಂದು ರೀತಿ ಮೋಸ ಮಾಡುತ್ತವೆ. ಚಿತ್ರದುರ್ಗದ ಸುತ್ತಿನ ಬೆಟ್ಟಗಳ ಮೇಲಿನ ಗಾಳಿಯಂತ್ರಗಳು ಆಲಸ್ಯದಿಂದ ತಿರುಗುವಂತೆ ಕಾಣುತ್ತವೆ. ರೆಕ್ಕೆಯ ಉದ್ದ 40 ಮೀಟರ್, ನಿಮಿಷಕ್ಕೆ 15 ಸುತ್ತು ಎಂದು ಹಿಡಿದು ವಿದ್ಯಾರ್ಥಿಗಳು ವೃತ್ತದ ಪರಿಧಿಯ ಸೂತ್ರ ಹಾಕಿ ನೋಡಲಿ. ರೆಕ್ಕೆಯ ತುದಿಯ ವೇಗ ಸೆಕೆಂಡಿಗೆ ಸುಮಾರು 63 ಮೀಟರ್, ಗಂಟೆಗೆ 225 ಕಿ.ಮೀ. ದಾಟುತ್ತದೆ! ಗಾತ್ರ ದೊಡ್ಡದಾದಷ್ಟೂ ವೇಗ ಕಡಿಮೆಯೆಂದು ಕಣ್ಣಿಗೆ ತೋರುವುದನ್ನು ಅಮೆರಿಕದ ಹರ್ಷಲ್ ಲೀಬೊವಿಟ್ಸ್ 1985ರಲ್ಲಿ ರೈಲ್ವೆ ಗೇಟಿನ ಅಪಘಾತಗಳಿಗೆ ಒಂದು ಕಾರಣವೆಂದು ಸೂಚಿಸಿದರು. ಹೊಳಲ್ಕೆರೆ ತಾಲ್ಲೂಕಿನಲ್ಲಿ ಚಿಕ್ಕಜಾಜೂರಿನ ಮೂಲಕ ಹಾಯುವ ರೈಲುದಾರಿಯ ಅಕ್ಕಪಕ್ಕದವರಿಗೆ ಇದು ಬರಿಯ ಪುಸ್ತಕದ ಮಾತಲ್ಲ. 2019ರ ವೇಳೆಗೆ ದೇಶದ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನು ತೆಗೆದುಹಾಕಿದ್ದಾರೆ, ನಿಜ. ಗೇಟಿನ ಕೆಳಗೆ ತೂರಿ ಸೈಕಲ್ ದಾಟಿಸುವವರನ್ನು ತೆಗೆದುಹಾಕಲು ಯಾವ ಇಲಾಖೆಗೂ ಸಾಧ್ಯವಾಗಿಲ್ಲ.

ಡ್ರೈವರ್‌ಗಳ ಕಣ್ಣೂ ಇದಕ್ಕೆ ಹೊರತಲ್ಲ. ಚತುಷ್ಪಥದಲ್ಲಿ ಗಂಟೆಗಟ್ಟಲೆ ಓಡಿಸಿ ಬಂದವನಿಗೆ ಆ ಹರಿವು ಅಭ್ಯಾಸವಾಗಿಬಿಟ್ಟಿರುತ್ತದೆ. ಹಿರಿಯೂರಿನ ಊರೊಳಗಿನ ರಸ್ತೆಗೆ ತಿರುಗಿದಾಗ 60ರ ವೇಗ ಅವನಿಗೆ ತೆವಳಿದಂತೆ ಅನ್ನಿಸುತ್ತದೆ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ವೃತ್ತಗಳು ಎದುರಾಗುವ ಮೊದಲು ರಸ್ತೆಗೆ ಅಡ್ಡಲಾಗಿ ಹಳದಿ ಪಟ್ಟೆ ಎಳೆದು, ಮುಂದೆ ಹೋದಂತೆ ಅವುಗಳ ಅಂತರವನ್ನು ಕಡಿಮೆ ಮಾಡಿದರು. ಡೆಂಟನ್ ಎಂಬುವರ ಉಪಾಯ ಅದು. ಪಟ್ಟೆಗಳು ಬೇಗಬೇಗ ಹಾಯುವುದರಿಂದ ವೇಗ ಹೆಚ್ಚುತ್ತಿದೆ ಎಂದು ಕಣ್ಣಿಗೆ ಅನ್ನಿಸಿ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಕಣ್ಣಿನ ಮೋಸವನ್ನು ಕಣ್ಣಿಗೇ ತಿರುಗಿಸಿದ ಕೆಲಸ!

ಈ ಎಲ್ಲ ವಿಷಯಕ್ಕೂ ದುರ್ಗದ ಜಿಲ್ಲೆಗೂ ಇನ್ನೊಂದು ನಂಟಿದೆ. ಚಂದ್ರನ ಮೇಲೆ ಇಳಿಯುವ ನೌಕೆಗೆ ಅಲ್ಲಿ ಕೈತೋರುವವರಿಲ್ಲ. ಕ್ಯಾಮೆರಾದಲ್ಲಿ ಕೆಳಗಿನ ಕುಳಿಗಳನ್ನು ನೋಡಿ, ಅವು ಹರಿಯುವ ಬಗೆಯಿಂದ ತಾನು ಪಕ್ಕಕ್ಕೆ ಎಷ್ಟು ವೇಗದಲ್ಲಿ ಜಾರುತ್ತಿದ್ದೇನೆಂದು ತಾನೇ ತಿಳಿಯಬೇಕು. ಅಂಥ ಉಪಕರಣಗಳನ್ನು ಪರೀಕ್ಷಿಸಲು ಇಸ್ರೊ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿನಂತೆ ಕೃತಕ ಕುಳಿಗಳನ್ನು ತೋಡಿಸಿತು. 2016ರಲ್ಲಿ ಚಂದ್ರಯಾನ-2ರ ಉಪಕರಣಗಳನ್ನು ಹೊತ್ತ ವಿಮಾನ ಅವುಗಳ ಮೇಲೆ ಹಾರಾಡಿತು. ದನ ಮೇಯುವ ಕಾವಲು ಕೆಲವು ದಿನ ಚಂದ್ರನಾಗಿತ್ತು. 2019ರಲ್ಲಿ ಆ ನೌಕೆ ಕೊನೆಯ ಹಂತದಲ್ಲಿ ನೆಲಕ್ಕಪ್ಪಳಿಸಿದ್ದು ಎಲ್ಲರಿಗೂ ಗೊತ್ತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಸುಮಾರು 150 ಮೀಟರ್ ಎತ್ತರದಲ್ಲಿ ಕ್ಷಣಕಾಲ ತೇಲಿ ನಿಂತು, ಕೆಳಗೆ ಬಂಡೆ ಕುಳಿಗಳಿಲ್ಲದ ಜಾಗ ನೋಡಿಕೊಂಡು ಮೆಲ್ಲಗೆ ಇಳಿಯಿತು. ಹೂವಿನ ಮೇಲೆ ಇಳಿಯುವ ಜೇನಿಗೆ ಇರುವ ಮಿದುಳಿನ ತೂಕ ಒಂದು ಮಿಲಿಗ್ರಾಮಿನ ಆಸುಪಾಸು ಎಂಬುದನ್ನು ಆ ಸಂದರ್ಭದಲ್ಲಿ ಯಾರೂ ನೆನೆಯಲಿಲ್ಲ.

ಹೆದ್ದಾರಿಯ ಮಕ್ಕಳಿಗೆ ಮಾಡಬಹುದಾದ ಒಂದು ಕೆಲಸ ಇದೆ. ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಚಿಕ್ಕ ಕಲ್ಲು ನೆಟ್ಟಿರುತ್ತಾರೆ. ಕಾಲುಸೇತುವೆಯ ಮೇಲಿಂದಲೋ ರಸ್ತೆಗೆ ದೂರವಿರುವ ಜಗುಲಿಯಿಂದಲೋ, ದೊಡ್ಡವರ ಜೊತೆಯಲ್ಲಿ, ಎರಡು ಕಲ್ಲುಗಳನ್ನು ಗುರುತಿಟ್ಟುಕೊಂಡು ಗಡಿಯಾರ ಹಿಡಿದು ಕೂರಬೇಕು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಬರಲು 18 ಸೆಕೆಂಡಾದರೆ ವೇಗ ಗಂಟೆಗೆ 40 ಕಿ.ಮೀ.; 12 ಆದರೆ 60; 9 ಆದರೆ 80; ಏಳೂ ಚಿಲ್ಲರೆಯಾದರೆ 100. ಎಣಿಸುವ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಚೀಟಿಯಲ್ಲಿ ಬರೆದಿಡಲಿ. ಮಕ್ಕಳ ಚೀಟಿ ಒಂದು ಕಡೆ, ದೊಡ್ಡವರದು ಒಂದು ಕಡೆ. ಆಮೇಲೆ ಇನ್ನೊಂದು ಅಳತೆ: ಚತುಷ್ಪಥದ ಒಂದು ಬದಿಯ ಎರಡು ಪಥಗಳ ಅಗಲ 7 ಮೀಟರ್. ಅಷ್ಟೇ ದೂರವನ್ನು ಶಾಲೆಯ ಅಂಗಳದಲ್ಲಿ ಸುಣ್ಣದಿಂದ ಗುರುತು ಮಾಡಿ, ಎರಡನೆಯ ತರಗತಿಯ ಹುಡುಗಿಯನ್ನು ಬೆನ್ನಿಗೆ ಚೀಲ ಹಾಕಿಸಿ ನಡೆಸಿ ನೋಡಲಿ. ಆರೇಳು ಸೆಕೆಂಡು ಬೇಕಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಕಾರು 7 ಸೆಕೆಂಡಿನಲ್ಲಿ ಕ್ರಮಿಸುವುದು 194 ಮೀಟರ್. ಅಂದರೆ ಅವಳು ಹೆಜ್ಜೆ ಇಡುವಾಗ ಕಾರು ಆಚೆಯ ಕಲ್ಲಿನ ಹತ್ತಿರ, ಹೆಚ್ಚುಕಡಿಮೆ ಅರ್ಧ ಡಿಗ್ರಿಯಷ್ಟು ಅಗಲವಾಗಿ, ಹುಣ್ಣಿಮೆಯ ಚಂದ್ರನಷ್ಟೇ ದೊಡ್ಡದಾಗಿ, ನಿಂತಂತೆ ಕಾಣುತ್ತಿರುತ್ತದೆ.